ಗೋಬಿಯ ಗಣಿ, ನೆರೆಯವರ ದಾರಿ



2024ರ ಸೆಪ್ಟೆಂಬರ್ ಮೊದಲ ವಾರ ಮಂಗೋಲಿಯಾದ ಹೆಸರು ಜಗತ್ತಿನ ಎಲ್ಲ ಸುದ್ದಿವಾಹಿನಿಗಳಲ್ಲೂ ಕೇಳಿಬಂತು. ರಷ್ಯಾದ ಅಧ್ಯಕ್ಷ ಪುಟಿನ್ ಅಲ್ಲಿಗೆ ಹೋಗಿದ್ದರು. ಅವರ ಮೇಲೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಬಂಧನ ವಾರಂಟ್ ಇತ್ತು. ಮಂಗೋಲಿಯಾ ಆ ನ್ಯಾಯಾಲಯದ ಸದಸ್ಯ ದೇಶ. ಆದರೂ ಬಂಧಿಸಲಿಲ್ಲ, ಗೌರವವಂದನೆ ಕೊಟ್ಟು ಬರಮಾಡಿಕೊಂಡಿತು. ಕಡೆಗೆ ಅಲ್ಲಿನ ಸರ್ಕಾರ ಕೊಟ್ಟ ಕಾರಣ ಇಷ್ಟೇ: ನಮಗೆ ಬೇಕಾದ ಪೆಟ್ರೋಲ್, ಡೀಸೆಲ್‌ನಲ್ಲಿ ಶೇ. 95ರಷ್ಟು ನೆರೆಯವರಿಂದಲೇ ಬರುತ್ತದೆ. ಟೀಕೆ ನಾಲ್ಕು ದಿನ ನಡೆಯಿತು. ಆಮೇಲೆ ಆ ದೇಶದ ಸುದ್ದಿಯೇ ನಿಂತುಹೋಯಿತು.

ಮಂಗೋಲಿಯಾ ಕೊಟ್ಟ ಆ ಕಾರಣವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಂಗೋಲಿಯಾ ಸುದ್ದಿಗೆ ಬರುವ ಬಗೆಯೆಲ್ಲ ಅದರಲ್ಲಿ ಅಡಗಿದೆ.

ಭೂಪಟದಲ್ಲಿ ನೋಡಿ. ಉತ್ತರಕ್ಕೆ ರಷ್ಯಾ, ಉಳಿದ ಮೂರು ದಿಕ್ಕಿಗೂ ಚೀನಾ. ಸಮುದ್ರವಿಲ್ಲ, ಬಂದರಿಲ್ಲ, ಮೂರನೆಯ ನೆರೆಯವರಿಲ್ಲ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಎಂಟು ಪಟ್ಟು, ಸುಮಾರು 15.6 ಲಕ್ಷ ಚದರ ಕಿಲೋಮೀಟರ್. ಜನಸಂಖ್ಯೆ ಸುಮಾರು 35 ಲಕ್ಷ. ಅದರಲ್ಲಿ ಅರ್ಧದಷ್ಟು ಜನ ರಾಜಧಾನಿ ಉಲಾನ್‌ಬಾತರ್ ಒಂದರಲ್ಲೇ ಇದ್ದಾರೆ.

ಈ ದೇಶದ ದಕ್ಷಿಣಕ್ಕೆ ಗೋಬಿ ಮರುಭೂಮಿ. ಅಲ್ಲಿ ಓಯು ತೋಲ್ಗೋಯ್ ಎಂಬ ಜಾಗವಿದೆ, ಚೀನಾದ ಗಡಿಗೆ ಸುಮಾರು 80 ಕಿಲೋಮೀಟರ್. ಬಂಡೆಗಳ ಮೇಲೆ ತಾಮ್ರದ ಹಸಿರು ಕಲೆ ಕಾಣುತ್ತಿದ್ದ ಜಾಗವದು. ನೆಲದಡಿ ತಾಮ್ರವೂ ಇದೆ, ಚಿನ್ನವೂ ಇದೆ. 2009ರಲ್ಲಿ ಸರ್ಕಾರ ವಿದೇಶಿ ಕಂಪನಿಗಳೊಂದಿಗೆ ಒಪ್ಪಂದ ಮಾಡಿಕೊಂಡಿತು. ಈಗ ದೇಶದ ಪಾಲು ಶೇ. 34, ರಿಯೊ ಟಿಂಟೊ ಕಂಪನಿಯ ಪಾಲು ಶೇ. 66. ಮೊದಲು ತೆರೆದ ಗಣಿ. 2023ರಿಂದ ಒಂದು ಕಿಲೋಮೀಟರಿಗೂ ಹೆಚ್ಚು ಆಳದ ಸುರಂಗಗಣಿಯಿಂದಲೂ ಅದಿರು ಬರುತ್ತಿದೆ. ತೆಗೆಯುವ ವಿಧಾನ ಕೇಳುವಂಥದ್ದು. ಅದಿರಿನ ರಾಶಿಯನ್ನು ಮೇಲಿನಿಂದ ಅಗೆಯುವುದಿಲ್ಲ. ಅದರ ಬುಡವನ್ನು ಸ್ಫೋಟಿಸಿ ಟೊಳ್ಳು ಮಾಡುತ್ತಾರೆ. ಮೇಲಿನ ಬಂಡೆ ತನ್ನ ಭಾರಕ್ಕೆ ತಾನೇ ಕುಸಿದು ಪುಡಿಯಾಗುತ್ತದೆ. ಆ ಪುಡಿಯನ್ನು ಕೆಳಗಿನ ಸುರಂಗಗಳಿಂದ ಬಾಚಿ ಮೇಲೆತ್ತುತ್ತಾರೆ. ಜಗತ್ತಿನ ನಾಲ್ಕನೆಯ ಅತಿದೊಡ್ಡ ತಾಮ್ರದ ಗಣಿಯಾಗುತ್ತದೆಂಬ ನಿರೀಕ್ಷೆ ಇದೆ.

ಶೇ. 34 ಪಾಲು ಎಂದರೆ ಲಾಭದ ಮೂರನೇ ಒಂದು ಭಾಗ ಕೈಗೆ ಬಂತು ಎಂದಲ್ಲ. ಗಣಿ ಕಟ್ಟುವ ಖರ್ಚಿನಲ್ಲಿ ದೇಶದ ಪಾಲನ್ನೂ ಕಂಪನಿಯ ಕಡೆಯವರೇ ಸಾಲವಾಗಿ ಹಾಕಿದ್ದರು. ಬಡ್ಡಿ ಬೆಳೆಯಿತು. ಹೀಗಾದರೆ ಲಾಭಾಂಶ ನಮ್ಮ ಮಕ್ಕಳ ಕಾಲಕ್ಕಾದರೂ ಬರುತ್ತದೆಯೇ ಎಂದು ಜನ ಕೇಳತೊಡಗಿದರು. 2022ರ ಜನವರಿಯಲ್ಲಿ ಸುಮಾರು 240 ಕೋಟಿ ಡಾಲರ್ ಸಾಲ ಮನ್ನಾ ಆದ ಮೇಲಷ್ಟೇ ಸುರಂಗದಲ್ಲಿ ಗಣಿಗಾರಿಕೆ ಆರಂಭಿಸಲು ಹಸಿರು ನಿಶಾನೆ ಸಿಕ್ಕಿತು. ಸಾಲ ಮನ್ನಾ ಆಗಲೇಬೇಕೆಂಬ ಮಂಗೋಲಿಯಾದ ಪಟ್ಟು ನ್ಯಾಯವಾದದ್ದೇ ಎಂದು ನನಗೆ ಅನ್ನಿಸುತ್ತದೆ.

ತಾಮ್ರದಷ್ಟೇ ದೊಡ್ಡದು ಕಲ್ಲಿದ್ದಲು. ಗೋಬಿಯಲ್ಲೇ ತವನ್ ತೋಲ್ಗೋಯ್ ಎಂಬ ಭಾರಿ ನಿಕ್ಷೇಪವಿದೆ, ಉಕ್ಕಿನ ಕುಲುಮೆಗೆ ಬೇಕಾಗುವ ಕೋಕಿಂಗ್ ಕಲ್ಲಿದ್ದಲು. ವರ್ಷಾನುಗಟ್ಟಲೆ ಅದು ಲಾರಿಗಳಲ್ಲೇ ಗಶೂನ್ ಸುಖಾಯ್ತ್ ಗಡಿಗೆ ಹೋಯಿತು. ಗಡಿಯಲ್ಲಿ ಕಿಲೋಮೀಟರುಗಟ್ಟಲೆ ಲಾರಿಗಳ ಸಾಲು. ಚಾಲಕರು ದಿನಗಟ್ಟಲೆ ಕ್ಯಾಬಿನ್ನಿನಲ್ಲೇ ಅಡುಗೆ ಮಾಡಿಕೊಂಡು, ಅಲ್ಲೇ ಮಲಗಿ ಕಾಯುತ್ತಿದ್ದರು. ಬಳ್ಳಾರಿ, ಸಂಡೂರು, ಹೊಸಪೇಟೆಯ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯೂ ಇಲ್ಲಿಯೂ ಲಾರಿಗಳನ್ನು ರಸ್ತೆಗಿಳಿಸಿದ್ದು ಚೀನಾದ ಉಕ್ಕಿನ ಹಸಿವೇ. 2011ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆದ ವರ್ಷವೇ ಮಂಗೋಲಿಯಾದ ಆರ್ಥಿಕತೆ ಶೇ. 17ರಷ್ಟು ಬೆಳೆದಿತ್ತು. ಆಮೇಲೆ ಚೀನಾದ ಬೇಡಿಕೆ ಇಳಿಯಿತು, ಬೆಲೆ ಕುಸಿಯಿತು. 2017ಕ್ಕೆ ಅದೇ ದೇಶ ಅಂತರರಾಷ್ಟ್ರೀಯ ಹಣಕಾಸು ನಿಧಿ ಮತ್ತಿತರರಿಂದ 550 ಕೋಟಿ ಡಾಲರ್ ನೆರವು ಪಡೆಯಬೇಕಾಯಿತು.

ಒಬ್ಬನೇ ಗಿರಾಕಿ, ಅವನ ಮನೆ ಮುಂದಿನ ದಾರಿ ಒಂದೇ. ರಫ್ತಿನ ಶೇ. 80ಕ್ಕೂ ಹೆಚ್ಚು ಪಾಲು ಚೀನಾಕ್ಕೇ ಹೋಗುತ್ತದೆ. ಹಾಗಿರುವಾಗ ಬೆಲೆಯನ್ನಷ್ಟೇ ಅಲ್ಲ, ಮನೆಗೆ ಯಾರನ್ನು ಕರೆಯಬೇಕು ಎಂಬುದನ್ನೂ ಗಿರಾಕಿಯೇ ಹೇಳುತ್ತಾನೆ. ಮಂಗೋಲಿಯಾದ ಸುಮಾರು ಅರ್ಧದಷ್ಟು ಜನ ಟಿಬೆಟಿಯನ್ ಪರಂಪರೆಯ ಬೌದ್ಧರು. ನಮ್ಮ ಮುಂಡಗೋಡಿನ ಗೋಮಾಂಗ್ ಮಠದಲ್ಲೂ ಅಲ್ಲಿನ ಭಿಕ್ಷುಗಳು ಓದುತ್ತಾರೆ. 2016ರ ನವೆಂಬರಿನಲ್ಲಿ ದಲೈ ಲಾಮಾ ಉಲಾನ್‌ಬಾತರ್‌ಗೆ ಹೋದರು. ಅದರ ಬೆನ್ನಿಗೇ ಚೀನಾ ಸಾಲದ ಮಾತುಕತೆ ಮುಂದೂಡಿತು, ಗಡಿ ದಾಟುವ ಸರಕಿನ ಮೇಲೆ ಹೆಚ್ಚುವರಿ ಶುಲ್ಕ ಹಾಕಿತು. ಡಿಸೆಂಬರಿನಲ್ಲಿ ಮಂಗೋಲಿಯಾದ ವಿದೇಶಾಂಗ ಸಚಿವರು, ಈ ಸರ್ಕಾರ ಇರುವಷ್ಟು ಕಾಲ ದಲೈ ಲಾಮಾ ಅವರನ್ನು ಕರೆಯುವುದಿಲ್ಲ ಎಂದು ಹೇಳಬೇಕಾಯಿತು. ದೇಶವೊಂದು ತನ್ನ ಗುರುವನ್ನು ಕರೆಯಲೂ ಆಗದ ಸ್ಥಿತಿ ನನ್ನನ್ನು ಬಹಳ ನೋಯಿಸುತ್ತದೆ.

ಇಷ್ಟೆಲ್ಲ ಸುದ್ದಿಯಾಯಿತು. ಸುದ್ದಿಯಾಗದೆ ಹೋದದ್ದು ಅಲ್ಲಿನ ಚಳಿಗಾಲ. ಬೇಸಿಗೆಯಲ್ಲಿ ಮಳೆ ಬಾರದೆ ಹುಲ್ಲು ಒಣಗಿ, ಚಳಿಗಾಲದಲ್ಲಿ ನೆಲದ ಮೇಲೆ ಹಿಮ ಗಟ್ಟಿಯಾಗಿ ಕಟ್ಟಿಕೊಂಡರೆ ಅದನ್ನು ಜುದ್ ಎನ್ನುತ್ತಾರೆ. ಕುರಿ, ಮೇಕೆ, ಕುದುರೆಗಳು ಗೊರಸಿನಿಂದ ಹಿಮ ಕೆರೆದು ಹುಲ್ಲು ಹುಡುಕುತ್ತವೆ. ಮಂಜುಗಡ್ಡೆ ಒಡೆಯದಿದ್ದರೆ ನಿಂತಲ್ಲೇ ಹಸಿದು ಸಾಯುತ್ತವೆ. 2023-24ರ ಚಳಿಗಾಲದಲ್ಲಿ ಹೀಗೆ 70 ಲಕ್ಷಕ್ಕೂ ಹೆಚ್ಚು ಜಾನುವಾರು ಸತ್ತವು. ಮಂದೆ ಕಳೆದುಕೊಂಡವರು ರಾಜಧಾನಿಯ ಸುತ್ತಲ ಗುಡ್ಡಗಳಿಗೆ ಬಂದು, ಉಣ್ಣೆಯ ದುಂಡು ಗುಡಾರ ಹಾಕಿಕೊಂಡು, ಕಲ್ಲಿದ್ದಲ ಒಲೆಯ ಮುಂದೆ ಚಳಿಗಾಲ ಕಳೆಯುತ್ತಾರೆ. ಆ ಹೊಗೆ ಉಲಾನ್‌ಬಾತರ್ ಮಕ್ಕಳ ಎದೆಗೆ ಇಳಿಯುತ್ತದೆ.

ಇಂಥ ಜನರಿಗೆ, ಲೆಕ್ಕಕ್ಕೆ ಸಿಗದ ಕಲ್ಲಿದ್ದಲು ಗಡಿ ದಾಟಿಹೋಗಿದೆ ಎಂಬ ಆರೋಪ ಕೇಳಿದರೆ ಹೇಗಾಗಬೇಡ? 2022ರ ಡಿಸೆಂಬರಿನ ಕೊರೆಯುವ ಚಳಿಯಲ್ಲಿ ಅವರು ರಾಜಧಾನಿಯ ಸುಖ್‌ಬಾತರ್ ಚೌಕದಲ್ಲಿ ಸೇರಿದರು. 2025ರಲ್ಲಿ ಪ್ರಧಾನಿಯ ಮಗನ ಐಷಾರಾಮದ ವಿರುದ್ಧ ಮತ್ತೆ ಸೇರಿದರು. ಪ್ರಧಾನಿ ಒಯುನ್-ಎರ್ದೆನೆ ವಿಶ್ವಾಸಮತ ಕಳೆದುಕೊಂಡು ಜೂನ್‌ನಲ್ಲಿ ಅಧಿಕಾರ ಬಿಟ್ಟರು. ಎರಡು ಬಲಾಢ್ಯ ನೆರೆಯವರ ನಡುವೆ ಇದ್ದೂ ಪ್ರಜಾಪ್ರಭುತ್ವವನ್ನು ಹೀಗೆ ಉಳಿಸಿಕೊಂಡದ್ದು ಸಣ್ಣ ಮಾತಲ್ಲ.

ಭಾರತದ ಪಾತ್ರವೂ ಇದೆ. 2015ರಲ್ಲಿ ನಮ್ಮ ಪ್ರಧಾನಿ ಅಲ್ಲಿಗೆ ಹೋದಾಗ 100 ಕೋಟಿ ಡಾಲರ್ ಸಾಲದ ನೆರವು ಘೋಷಿಸಿದರು. ಆ ಹಣದಲ್ಲಿ ಡೊರ್ನೊಗೊಬಿ ಪ್ರಾಂತ್ಯದಲ್ಲಿ ತೈಲ ಸಂಸ್ಕರಣಾಗಾರ ಏಳುತ್ತಿದೆ, ವರ್ಷಕ್ಕೆ 15 ಲಕ್ಷ ಟನ್ ಸಾಮರ್ಥ್ಯದ್ದು. ಪುಟಿನ್ ಬಂದಾಗ ಮಂಗೋಲಿಯಾ ಸರ್ಕಾರ ಹೇಳಿದ ಆ ಶೇ. 95ರ ಲೆಕ್ಕವನ್ನು ಕಡಿಮೆ ಮಾಡುವ ಕೆಲಸ ಅದು. ನಮ್ಮ ಉಕ್ಕಿನ ಕಾರ್ಖಾನೆಗಳಿಗೂ ಅಲ್ಲಿನ ಕೋಕಿಂಗ್ ಕಲ್ಲಿದ್ದಲು ಬೇಕು, ಆದರೆ ಅದು ಬರಬೇಕಾದರೂ ಚೀನಾದ ಇಲ್ಲವೇ ರಷ್ಯಾದ ನೆಲ ದಾಟಿಯೇ ಬರಬೇಕು.

ಮುಂದಿನ ಸಲ ಮಂಗೋಲಿಯಾದ ಹೆಸರು ವಾರ್ತೆಯಲ್ಲಿ ಕೇಳಿದಾಗ ಯಾರು ಬಂದರು, ಯಾರು ಹೋದರು ಎನ್ನುವಷ್ಟಕ್ಕೇ ನಿಲ್ಲಬೇಡಿ. ಆ ವರ್ಷ ಅಲ್ಲಿ ಹಿಮ ಎಷ್ಟು ಬಿತ್ತು, ಅದಿರು ಯಾರ ಗಡಿ ದಾಟಿ ಹೋಯಿತು ಎಂಬುದನ್ನೂ ವಿಚಾರಿಸಿ.