ಅಳೆದು ನೋಡಿದ ಹೆಣ್ಣುಮಗಳು
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮನಶ್ಶಾಸ್ತ್ರದ ಉಪನ್ಯಾಸಕಿಯೊಬ್ಬರು ಮಾಡಿದ ಭಾಷಣ)

 

ಕಾಲೇಜಿನ ಪ್ರವೇಶದ ದಿನಗಳಲ್ಲಿ ಪ್ರತಿವರ್ಷ ಒಬ್ಬ ತಂದೆಯಾದರೂ ನನ್ನ ಬಳಿ ಬಂದು, "ಮೇಡಂ, ಹುಡುಗಿ ಅಲ್ವಾ, ಇಷ್ಟು ಓದಿದ್ದು ಸಾಕಲ್ವಾ?" ಎಂದು ಕೇಳುತ್ತಾರೆ. ಮಗಳ ಮೇಲೆ ಪ್ರೀತಿಯಿಲ್ಲದೆ ಕೇಳುವ ಮಾತಲ್ಲ ಅದು. ಕೈಯಲ್ಲಿರುವ ಹಣ ಒಂದೇ ಮಗುವಿನ ಫೀಸಿಗೆ ಸಾಲುತ್ತದೆ, ಮನೆಯಲ್ಲಿ ಮಗನೂ ಇದ್ದಾನೆ. ಅಂಥವರಿಗೆ ನಾನು ಲೀಟಾ ಹಾಲಿಂಗ್‌ವರ್ತ್ ಅವರ ವಿಷಯ ಹೇಳುತ್ತೇನೆ.

ಅವರು ಹುಟ್ಟಿದ್ದು 1886ರಲ್ಲಿ, ಅಮೆರಿಕದ ನೆಬ್ರಾಸ್ಕದಲ್ಲಿ. ಅಲ್ಲಿ ಶಿಕ್ಷಕಿಯಾಗಿದ್ದರು. 1908ರಲ್ಲಿ ನ್ಯೂಯಾರ್ಕಿಗೆ ಹೋಗಿ ಮದುವೆಯಾದರೆ, ಮದುವೆಯಾದ ಹೆಂಗಸರಿಗೆ ಅಲ್ಲಿನ ಶಾಲೆಗಳಲ್ಲಿ ಕೆಲಸವಿಲ್ಲ. ಮುಂದೆ ಓದೋಣವೆಂದರೆ ಹಣವಿಲ್ಲ. 1911ರಲ್ಲಿ ಅವರ ಗಂಡನಿಗೆ ಕೆಫೀನಿನ ಪರಿಣಾಮವನ್ನು ಪರೀಕ್ಷಿಸುವ ಕೆಲಸವನ್ನು ಕೋಕಾ ಕೋಲಾ ಕಂಪನಿ ಕೊಟ್ಟಿತು. ದಂಪತಿ ಇಬ್ಬರೂ ಸೇರಿ ದುಡಿದರು. ಆ ಸಂಭಾವನೆಯಿಂದ ಆಕೆಯ ಓದು ಮುಂದುವರಿಯಿತು.

ಆ ಕಾಲದ ವಿದ್ವಾಂಸರಲ್ಲಿ ಎರಡು ನಂಬಿಕೆಗಳು ಬಲವಾಗಿದ್ದವು. ಒಂದು, ಮುಟ್ಟಿನ ದಿನಗಳಲ್ಲಿ ಹೆಣ್ಣಿನ ಬುದ್ಧಿ, ಕೈಚಳಕ ಕುಂದುತ್ತದೆ ಎಂಬುದು. ಇನ್ನೊಂದು, ಮಹಾಮೇಧಾವಿಗಳೂ ತೀರಾ ಮಂದರೂ ಗಂಡಸರಲ್ಲೇ ಹೆಚ್ಚು, ಹೆಂಗಸರೆಲ್ಲ ನಡುಮಟ್ಟದವರು, ಆದ್ದರಿಂದ ಅವರಿಗೆ ಉನ್ನತ ಶಿಕ್ಷಣ ಅಷ್ಟೇನೂ ಬೇಕಿಲ್ಲ ಎಂಬುದು.

ಲೀಟಾ ವಾದಕ್ಕೆ ನಿಲ್ಲಲಿಲ್ಲ, ಅಳೆದು ನೋಡಿದರು. ಹೆಂಗಸರಿಗೆ ತಿಂಗಳುಗಟ್ಟಲೆ ಪರೀಕ್ಷೆ ಕೊಟ್ಟರು. ಕೈ ಎಷ್ಟು ಸ್ಥಿರ, ಬಣ್ಣಗಳ ಹೆಸರು ಎಷ್ಟು ಬೇಗ ಹೇಳುತ್ತಾರೆ ಎಂದು ಬರೆದಿಟ್ಟರು. ಮುಟ್ಟಿನ ದಿನಗಳಲ್ಲಿ ಯಾವ ಕುಸಿತವೂ ಕಾಣಲಿಲ್ಲ. 1914ರಲ್ಲಿ ಮತ್ತೊಬ್ಬ ಮಹಿಳೆಯೊಂದಿಗೆ ಸೇರಿ 1000 ಗಂಡು, 1000 ಹೆಣ್ಣು ನವಜಾತ ಶಿಶುಗಳ ಅಳತೆಗಳನ್ನು ಹೋಲಿಸಿದರು. ಗಂಡು ಶಿಶುಗಳಲ್ಲೇ ಏರುಪೇರು ಹೆಚ್ಚು ಎಂಬುದಕ್ಕೆ ಆಧಾರ ಸಿಗಲಿಲ್ಲ.

ಬುದ್ಧಿಮಾಂದ್ಯರೆಂದು ಕರೆತಂದವರನ್ನು ಪರೀಕ್ಷಿಸುವ ಕೇಂದ್ರದಲ್ಲಿ ಕೆಲಸ ಮಾಡುವಾಗ ಅವರು ಇನ್ನೊಂದನ್ನು ಗಮನಿಸಿದರು. ಅಲ್ಲಿಗೆ ಬರುತ್ತಿದ್ದವರಲ್ಲಿ ಹುಡುಗರು ಹೆಚ್ಚು, ಅದೂ ಚಿಕ್ಕ ವಯಸ್ಸಿನಲ್ಲೇ. ಹೆಂಗಸರು ಬರುತ್ತಿದ್ದುದು ವಯಸ್ಸಾದ ಮೇಲೆ. ಕಾರಣ ಸರಳ. ಹುಡುಗ ಹೊರಗೆ ದುಡಿಯಬೇಕು, ಅವನ ಕೊರತೆ ಬೇಗ ಕಣ್ಣಿಗೆ ಬೀಳುತ್ತದೆ. ಹುಡುಗಿ ಮನೆಗೆಲಸ ಮಾಡಿಕೊಂಡಿದ್ದರೆ ಯಾರೂ ಕೇಳುವುದಿಲ್ಲ. ಮನೆಯೊಳಗೆ ಉಳಿದವಳ ಕೊರತೆ ಹೇಗೆ ಕಾಣುವುದಿಲ್ಲವೋ, ಜಾಣತನವೂ ಹಾಗೆಯೇ ಕಾಣುವುದಿಲ್ಲ ಎಂದು ನನಗನ್ನಿಸುತ್ತದೆ.

ಆಕೆಯ ಡಾಕ್ಟರೇಟ್‌ಗೆ ಮಾರ್ಗದರ್ಶಕರಾಗಿದ್ದ ಎಡ್ವರ್ಡ್ ಥಾರ್ನ್‌ಡೈಕ್ ಆ ಎರಡನೆಯ ನಂಬಿಕೆಯವರೇ. ಆದರೂ ಆಕೆಯ ಕೆಲಸವನ್ನು ಒಪ್ಪಿದರು. 1916ರಲ್ಲಿ ಪದವಿ ಸಿಕ್ಕಿತು.

ಅಂಥ ಸಂಶೋಧನೆ ಇಂದಿಗೂ ನಡೆದಿದೆ. 2005ರಲ್ಲಿ ಜಾನೆಟ್ ಹೈಡ್ ಎಂಬ ಮನಶ್ಶಾಸ್ತ್ರಜ್ಞೆ, ನೂರಾರು ಅಧ್ಯಯನಗಳ ಫಲಿತಾಂಶವನ್ನು ಒಟ್ಟುಗೂಡಿಸಿದ್ದ 46 ವಿಶ್ಲೇಷಣೆಗಳನ್ನು ಪರಿಶೀಲಿಸಿದರು. ಗಂಡು ಹೆಣ್ಣಿನ ನಡುವೆ ಅಳೆದ ವ್ಯತ್ಯಾಸಗಳಲ್ಲಿ ಶೇ. 78ರಷ್ಟು ಸಣ್ಣವು ಅಥವಾ ಇಲ್ಲವೆನ್ನುವಷ್ಟು ಕಡಿಮೆ. ಚೆಂಡನ್ನು ದೂರ ಎಸೆಯುವಂಥ ಕೆಲವು ವಿಷಯಗಳಲ್ಲಿ ವ್ಯತ್ಯಾಸ ದೊಡ್ಡದೇ. ಆದರೆ ಕಾಲೇಜು ಸೇರಲು ಚೆಂಡು ಎಸೆಯಬೇಕಾಗಿಲ್ಲವಲ್ಲ!

ತಾಯಿ ತಂದೆಯರಲ್ಲಿ ನನ್ನದೊಂದು ವಿನಂತಿ. ಮಗಳ ಓದಿನ ಬಗ್ಗೆ ನಿರ್ಧರಿಸುವಾಗ ನೆರೆಹೊರೆಯವರ ಮಾತು ಕೇಳುವ ಮೊದಲು ಅವಳ ಅಂಕಪಟ್ಟಿ ನೋಡಿ, ಅವಳ ಮೇಷ್ಟರನ್ನು ಕೇಳಿ, ಅವಳನ್ನೂ ಕೇಳಿ.

ದಾನಿಗಳೇ, ಆ ಫೀಸಿನ ಹಣ ಹೊಂದದೆ ಹೋಗಿದ್ದರೆ ಲೀಟಾ ಅಡುಗೆಮನೆಯಲ್ಲೇ ಉಳಿಯುತ್ತಿದ್ದರೇನೋ, ಆ ಪ್ರಶ್ನೆಗಳನ್ನು ಕೇಳಲು ಆಕೆ ಇರುತ್ತಿರಲಿಲ್ಲ. ನೀವು ಕೊಡುವ ಒಂದು ವರ್ಷದ ಫೀಸು ಯಾವ ಹುಡುಗಿಯ ಯಾವ ಪ್ರಶ್ನೆಗೆ ದಾರಿಯಾಗುತ್ತದೋ ಇಂದು ಹೇಳಲಾಗದು. ಅರ್ಜಿ ಹಿಡಿದು ಬಂದ ಹೆಣ್ಣುಮಕ್ಕಳು ಇದೇ ಸಭೆಯಲ್ಲಿ ಕೂತಿದ್ದಾರೆ. ಅವರಲ್ಲಿ ಒಬ್ಬಳೂ ಹಣವಿಲ್ಲದೆ ಮನೆಗೆ ಮರಳದಿರಲಿ.