ಹೊರದೇಶದಲ್ಲಿ ಕ್ಯಾಮೆರಾ ಹಿಡಿದವರು



ಇಂದು ನಿಮ್ಮಲ್ಲಿ ಹಲವರ ಕೈಯಲ್ಲಿ ಕ್ಯಾಮೆರಾ ಇರುವ ಮೊಬೈಲ್ ಇದೆ. ಆದರೆ ಭಾಷೆ ಬಾರದ ದೇಶದಲ್ಲಿ, ನೊಂದವರ ಎದುರು ನಿಂತು ಚಿತ್ರ ತೆಗೆಯುವುದು ಎಷ್ಟು ಕಷ್ಟವೆಂದು ಯೋಚಿಸಿದ್ದೀರಾ?

ದೆಹಲಿಯ ಜಾಮಿಯಾ ಮಿಲ್ಲಿಯಾದಲ್ಲಿ ಓದಿದ ದಾನಿಶ್ ಸಿದ್ದಿಕಿ ರಾಯಿಟರ್ಸ್ ಸುದ್ದಿಸಂಸ್ಥೆಯ ಛಾಯಾಗ್ರಾಹಕರಾಗಿದ್ದರು. 2017ರಲ್ಲಿ ಲಕ್ಷಾಂತರ ರೋಹಿಂಗ್ಯಾ ಜನರು ಮ್ಯಾನ್ಮಾರ್ ತೊರೆದು ಬಾಂಗ್ಲಾದೇಶಕ್ಕೆ ಬಂದಾಗ ಅವರು ಅಲ್ಲಿಗೆ ಹೋದರು. ದೋಣಿಯಿಂದಿಳಿದ ಮಹಿಳೆಯೊಬ್ಬರು ಬಳಲಿ ಕುಸಿದು ದಡದ ಮರಳನ್ನು ಮುಟ್ಟುತ್ತಿರುವ ಚಿತ್ರ ಅವರದೇ. ಅದರಲ್ಲಿ ರಕ್ತವಿಲ್ಲ, ಹೆಣವಿಲ್ಲ. ಆದರೂ ಎದೆ ಕಲಕುತ್ತದೆ. ಆ ಚಿತ್ರಮಾಲೆಗಾಗಿ ರಾಯಿಟರ್ಸ್ ತಂಡಕ್ಕೆ 2018ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

ಹೊರದೇಶದಲ್ಲಿ ವೀಸಾ ಬೇಕು, ಅಧಿಕಾರಿಗಳ ಅನುಮತಿ ಬೇಕು. ದಾರಿ ತೋರಲು, ಮಾತು ತಿಳಿಸಲು ಸ್ಥಳೀಯರನ್ನೇ ನಂಬಬೇಕು. ಯುದ್ಧಭೂಮಿಯಲ್ಲಂತೂ ಒಂದು ಪಡೆಯ ಜೊತೆ ಹೋದರೆ ಆ ಪಡೆಯ ಮೇಲೆ ಬೀಳುವ ಗುಂಡು ಪತ್ರಕರ್ತನಿಗೂ ತಾಗಬಹುದು. ಅಫ್ಘಾನ್ ವಿಶೇಷ ಪಡೆಯ ಜೊತೆಗೆ ಹೋಗಿದ್ದ ದಾನಿಶ್, 2021ರ ಜುಲೈ 16ರಂದು ಕಂದಹಾರ್ ಪ್ರಾಂತ್ಯದ ಸ್ಪಿನ್ ಬೋಲ್ಡಕ್‌ನಲ್ಲಿ ಹತರಾದರು. ಜಾಮಿಯಾದ ಖಬರಸ್ತಾನದಲ್ಲೇ ಅವರನ್ನು ದಫನ ಮಾಡಲಾಯಿತು. ಭಾರತದ ಕೋವಿಡ್ ಚಿತ್ರಗಳಿಗಾಗಿ 2022ರಲ್ಲಿ, ಮೂವರು ಸಹೋದ್ಯೋಗಿಗಳೊಂದಿಗೆ ಅವರಿಗೆ ಮರಣೋತ್ತರವಾಗಿ ಮತ್ತೊಮ್ಮೆ ಪುಲಿಟ್ಜರ್ ಬಂತು.

ಮಕ್ಕಳೇ, ಅಪಘಾತವಾದ ಕಡೆ ನಾವು ಮೊದಲು ಮೊಬೈಲ್ ಎತ್ತುತ್ತೇವೆ. ಇನ್ನು ಮುಂದೆ ಎತ್ತುವ ಮುನ್ನ, ಬಿದ್ದವರು ನಮ್ಮ ಅಮ್ಮಿ, ನಮ್ಮ ತಮ್ಮ ಆಗಿದ್ದರೆ ಎಂದು ಕೇಳಿಕೊಳ್ಳಿ. ಉರ್ದು, ಕನ್ನಡದ ಜೊತೆಗೆ ಇನ್ನೊಂದು ಭಾಷೆಯನ್ನೂ ಕಲಿಯಿರಿ. ಪರರ ನೋವನ್ನು ಗೌರವದಿಂದ ಕಾಣಬಲ್ಲವನ ಕೈಯಲ್ಲಿ ಮಾತ್ರ ಕ್ಯಾಮೆರಾ ಸಾಕ್ಷಿಯಾಗುತ್ತದೆ.