ಹಸುವಿನ ಹೊಟ್ಟೆ, ಮೊಲದ ಕರುಳು, ಶ್ರಾವಕನ ತಟ್ಟೆ

(ಪುಣೆಯಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಶಾಕಾಹಾರ ಪ್ರಚಾರದ ಕರಪತ್ರಗಳಲ್ಲಿ ಒಂದು ವಾದ ತಪ್ಪದೆ ಕಾಣಿಸಿಕೊಳ್ಳುತ್ತದೆ. ಹುಲಿಯ ಕರುಳು ಗಿಡ್ಡ, ಹಸುವಿನ ಕರುಳು ಉದ್ದ, ಮನುಷ್ಯನ ಕರುಳೂ ಉದ್ದ. ಆದುದರಿಂದ ಪ್ರಕೃತಿಯೇ ಮನುಷ್ಯನನ್ನು ಶಾಕಾಹಾರಿಯನ್ನಾಗಿ ನಿರ್ಮಿಸಿದೆ ಎಂಬುದು ಆ ವಾದ. ಕೇಳಲು ಹಿತವಾಗಿದೆ. ಆದರೆ ಜಮೆಯ ಕಡೆಯನ್ನು ಮಾತ್ರ ತೋರಿಸುವ ಲೆಕ್ಕಪತ್ರಕ್ಕೆ ಯಾವ ಲೆಕ್ಕಪರಿಶೋಧಕನೂ ಸಹಿ ಹಾಕಲಾರನು.

ಕುರಿಯ ಕರುಳು ಅದರ ದೇಹದ ಸುಮಾರು 25 ಪಟ್ಟು ಉದ್ದ. ಮನುಷ್ಯನ ಸಣ್ಣ ಕರುಳು ಸುಮಾರು 6 ಮೀಟರ್, ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್. ಎತ್ತರದೊಡನೆ ಹೋಲಿಸಿದರೂ, ಮುಂಡದೊಡನೆ ಹೋಲಿಸಿದರೂ ಕುರಿಯ ಹತ್ತಿರಕ್ಕೆ ಬರುವುದಿಲ್ಲ. ಇನ್ನು ಚೀನದ ಪಾಂಡಾ ಕರಡಿಗೆ ಇರುವುದು ಮಾಂಸಾಹಾರಿಯ ಗಿಡ್ಡ ಕರುಳು. ಅದು ದಿನವಿಡೀ ತಿನ್ನುವುದು ಬಿದಿರು! ಕರುಳಿನ ಉದ್ದವೇ ಆಹಾರವನ್ನು ನಿರ್ಣಯಿಸುವುದಿಲ್ಲ. ಆ ಕರುಳಿನ ಯಾವ ಭಾಗದಲ್ಲಿ ಏನು ನಡೆಯುತ್ತದೆ ಎಂಬುದನ್ನು ನೋಡಬೇಕು.

ಭೋಸರಿಯ ಪಾಂಜರಪೋಳಕ್ಕೆ ಹೋದವರು ಹಸುಗಳು ಮಲಗಿ ಮೆಲುಕು ಹಾಕುವುದನ್ನು ಕಂಡಿರುತ್ತಾರೆ. ಹುಲ್ಲಿನ ನಾರನ್ನು ಕರಗಿಸುವ ಶಕ್ತಿ ಹಸುವಿನ ಸ್ವಂತ ಜೀರ್ಣರಸಗಳಿಗೆ ಇಲ್ಲ. ಅದರ ಹೊಟ್ಟೆಗೆ ನಾಲ್ಕು ಕೋಣೆಗಳು. ಮೊದಲನೆಯದು ನೂರು ಲೀಟರಿಗೂ ಮಿಗಿಲಾಗಿ ಹಿಡಿಯುವ ದೊಡ್ಡ ಚೀಲ. ಅದರೊಳಗೆ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳ ವಾಸ. ಹುಲ್ಲು ಮೊದಲು ಅವುಗಳಿಗೆ ಆಹಾರ. ಅವು ಹುಳಿಯಿಸಿ ಹೊರಬಿಡುವ ಆಮ್ಲಗಳಿಂದಲೇ ಹಸುವಿಗೆ ಬೇಕಾದ ಶಕ್ತಿಯ ಬಹುಪಾಲು ದೊರೆಯುತ್ತದೆ. ಅನಂತರ ಆ ಸೂಕ್ಷ್ಮಜೀವಿಗಳೂ ನಾಲ್ಕನೆಯ ಕೋಣೆಗೆ ಇಳಿದು ಜೀರ್ಣವಾಗಿ ಪ್ರೋಟೀನಾಗುತ್ತವೆ. ಹಸುವನ್ನು ಶುದ್ಧ ಶಾಕಾಹಾರಕ್ಕೆ ಉಪಮಾನವಾಗಿ ಕೊಡುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಪರ್ವದಿನಗಳಲ್ಲಿ ಬುಟ್ಟಿಗಟ್ಟಲೆ ಚಪಾತಿ, ಅನ್ನ, ಬೆಲ್ಲ ಒಯ್ದು ಒಂದೇ ಹಸುವಿನ ಮುಂದೆ ಸುರಿಯುವವರೂ ಒಂದು ಸಂಗತಿಯನ್ನು ತಿಳಿದಿರಬೇಕು. ಪಿಷ್ಟ ಮತ್ತು ಸಕ್ಕರೆ ಒಮ್ಮೆಲೇ ಹೆಚ್ಚಿದರೆ ಆ ಚೀಲ ವಿಪರೀತ ಹುಳಿಯಾಗಿ ಹಸು ಸಾಯಲೂಬಹುದು. ದಾನಕ್ಕೆ ಹಸಿ ಮೇವು, ಒಣಹುಲ್ಲುಗಳೇ ಲೇಸು.

ಇದೇ ಚೀಲದಲ್ಲಿ ಮತ್ತೊಂದು ವಸ್ತು ತಯಾರಾಗುತ್ತದೆ: ಬಿ12 ಜೀವಸತ್ವ. ಇದನ್ನು ಗಿಡವೂ ತಯಾರಿಸಲಾರದು, ಪ್ರಾಣಿಯೂ ತಯಾರಿಸಲಾರದು. ಬ್ಯಾಕ್ಟೀರಿಯಾದಂತಹ ಸೂಕ್ಷ್ಮಜೀವಿಗಳು ಮಾತ್ರ ತಯಾರಿಸಬಲ್ಲವು. ಮೇವಿನಲ್ಲಿ ತುಸು ಕೋಬಾಲ್ಟ್ ಇದ್ದರೆ ಹಸುವಿನ ಮೊದಲ ಹೊಟ್ಟೆಯಲ್ಲೇ ಅದು ಸಿದ್ಧವಾಗುತ್ತದೆ. ಮುಂದೆ ಉದ್ದದ ಕರುಳು ಇರುವುದರಿಂದ ರಕ್ತಕ್ಕೆ ಸೇರುತ್ತದೆ, ಹಾಲಿಗೂ ಬರುತ್ತದೆ.

ಮೊಲಕ್ಕೆ ಈ ಅನುಕೂಲವಿಲ್ಲ. ಅದರ ಹುದುಗುಪಾತ್ರೆ ಇರುವುದು ಸಣ್ಣ ಕರುಳು ಮುಗಿದ ಮೇಲೆ. ತಯಾರಾದ ಸತ್ವ ಹೀರುವ ಸ್ಥಳವನ್ನು ದಾಟಿಹೋಗಿರುತ್ತದೆ. ಆದುದರಿಂದ ಮೊಲವು ತನ್ನದೇ ಮೃದುವಾದ ಹಿಕ್ಕೆಯನ್ನು ಮತ್ತೆ ತಿಂದು, ಕಳೆದುದನ್ನು ಮರಳಿ ಪಡೆಯುತ್ತದೆ. ಅಸಹ್ಯವೆನಿಸಬಹುದು, ಮೊಲಕ್ಕೆ ಅದು ಜೀವನೋಪಾಯ.

ಮನುಷ್ಯನ ಸ್ಥಿತಿ ಮೊಲದಂತೆಯೇ. ಅವನ ದೊಡ್ಡ ಕರುಳಿನಲ್ಲಿಯೂ ಬ್ಯಾಕ್ಟೀರಿಯಾಗಳು ಬಿ12 ತಯಾರಿಸುತ್ತವೆ. ಆದರೆ ಅದನ್ನು ಹೀರುವ ಸ್ಥಳ ಸಣ್ಣ ಕರುಳಿನ ಕೊನೆಯಲ್ಲಿ, ಅಂದರೆ ತಯಾರಿಯ ಸ್ಥಳಕ್ಕಿಂತ ಮೇಲೆ. ಸತ್ವವೆಲ್ಲ ಮಲದೊಡನೆ ಹೊರಟುಹೋಗುತ್ತದೆ. ಮಾಂಸ, ಮೀನು, ಮೊಟ್ಟೆಗಳನ್ನು ತ್ಯಜಿಸಿದವನಿಗೆ ಆಹಾರದಲ್ಲಿ ಉಳಿಯುವ ಮುಖ್ಯ ಮೂಲ ಹಾಲು ಮತ್ತು ಹಾಲಿನ ಪದಾರ್ಥಗಳು. ದೊಡ್ಡ ಲೋಟದ ಹಾಲಿನಲ್ಲಿ ಸುಮಾರು 1 ಮೈಕ್ರೋಗ್ರಾಂ ಇದ್ದರೆ, ದಿನಕ್ಕೆ ಬೇಕಾದುದು ಅದರ ಇಮ್ಮಡಿಗೂ ಮೇಲೆ. ಚಹಾಕ್ಕೆ ಬೆರೆಸಿದ ಎರಡು ಚಮಚ ಹಾಲಿನಿಂದ ಈ ಬಾಕಿ ತೀರುವುದಿಲ್ಲ.

ಇದು ಪುಸ್ತಕದ ಮಾತಾಗಿ ಉಳಿದಿಲ್ಲ. ಇದೇ ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಸಂಗಡಿಗರು 441 ಮಧ್ಯವಯಸ್ಕ ಪುರುಷರ ರಕ್ತವನ್ನು ಪರೀಕ್ಷಿಸಿ 2006ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಶೇ. 67 ಮಂದಿಯಲ್ಲಿ ಬಿ12 ಕಡಿಮೆಯಿತ್ತು. ಕೊರತೆ ಹೆಚ್ಚಾಗಿದ್ದುದು ಹಳ್ಳಿಯವರಲ್ಲಿ ಅಲ್ಲ, ನಗರದ ಮಧ್ಯಮ ವರ್ಗದಲ್ಲಿ. ಶಾಕಾಹಾರಿಗಳಿಗೆ ಅಪಾಯ ಹಲವು ಪಟ್ಟು. ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ 1993ರಿಂದ ನಡೆದ ತಾಯಂದಿರ ಅಧ್ಯಯನವು ಇನ್ನೂ ಗಂಭೀರವಾದುದನ್ನು ತೋರಿಸಿತು. ಗರ್ಭಾವಸ್ಥೆಯಲ್ಲಿ ಬಿ12 ಕಡಿಮೆಯಿದ್ದು ಫೋಲೇಟ್ ಹೆಚ್ಚಾಗಿದ್ದ ತಾಯಂದಿರ ಮಕ್ಕಳಲ್ಲಿ, ಆರನೆಯ ವಯಸ್ಸಿಗೇ, ಮುಂದೆ ಮಧುಮೇಹಕ್ಕೆ ದಾರಿಯಾಗುವ ಇನ್ಸುಲಿನ್ ಪ್ರತಿರೋಧ ಎಲ್ಲರಿಗಿಂತ ಅಧಿಕವಾಗಿತ್ತು. ಬಸಿರಿಗೆ ಫೋಲಿಕ್ ಆಮ್ಲದ ಗುಳಿಗೆ ಬೇಕೇ ಬೇಕು. ಅದರೊಡನೆ ಬಿ12 ಸಹ ನೋಡಿಕೊಳ್ಳಬೇಕೆಂಬುದೇ ಇದರ ತಾತ್ಪರ್ಯ.

ಇಂತಹ ವರದಿಯನ್ನು ಸಮಾಜದ ಸಭೆಗಳಲ್ಲಿ ಎತ್ತಿದರೆ ಧರ್ಮದ ಮೇಲೆ ಆಕ್ಷೇಪ ಬಂದಿತೆಂದು ಮುಖ ಗಂಟಿಕ್ಕುವವರಿದ್ದಾರೆ. ಇದು ಅನಗತ್ಯ ಅಂಜಿಕೆ. ಅಹಿಂಸೆಯ ವ್ರತ ಕರುಳಿನ ಉದ್ದವನ್ನು ನೆಚ್ಚಿ ಹುಟ್ಟಿದುದಲ್ಲ. ತಿನ್ನಬಲ್ಲವನು ತಿನ್ನೆನೆಂದು ಬಿಟ್ಟಾಗಲೇ ಅದು ತ್ಯಾಗ. ತಿನ್ನಲಾರದ ಹಸುವಿಗೆ ಯಾವ ವ್ರತ?

ಕೊರತೆ ಬೇಗ ಕಾಣಿಸುವುದೂ ಇಲ್ಲ. ಯಕೃತ್ತಿನಲ್ಲಿರುವ ಹಳೆಯ ದಾಸ್ತಾನು ಕೆಲವು ವರ್ಷ ನಡೆಸುತ್ತದೆ, ಮೂಲಧನ ಕರಗುತ್ತಿದ್ದರೂ ಅಂಗಡಿ ತೆರೆದೇ ಇರುವ ವ್ಯಾಪಾರದಂತೆ. ಆಮೇಲೆ ಪಾದಗಳಲ್ಲಿ ಜೋಮು, ಆಯಾಸ, ಮರೆವು, ರಕ್ತಹೀನತೆ. ಮನೆಯವರು ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಅಥವಾ ಹೊಟ್ಟೆಯ ಆಮ್ಲ ತಗ್ಗಿಸುವ ಗುಳಿಗೆಗಳನ್ನು ವರ್ಷಗಟ್ಟಲೆ ಸೇವಿಸುವ ಹಿರಿಯರಲ್ಲಿ ಸತ್ವ ಹೀರುವಿಕೆ ಮತ್ತಷ್ಟು ಕುಗ್ಗುತ್ತದೆ. ಅವರು ವೈದ್ಯರನ್ನು ಕೇಳಿ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು.

ಹೈನುಗಾರಿಕೆಯ ಹಿಂಸೆಯನ್ನು ಕಂಡು ಹಾಲನ್ನೂ ಬಿಟ್ಟಿರುವ ಮಕ್ಕಳು ಇಂದು ಅನೇಕ ಮನೆಗಳಲ್ಲಿದ್ದಾರೆ. ಅವರನ್ನು ಗದರಿಸುವುದರಿಂದ ಏನೂ ಆಗದು. ಅವರ ತರ್ಕದಲ್ಲಿ ಹುರುಳಿದೆ. ಆದರೆ ಅವರಿಗೆ ಗುಳಿಗೆ ಅನಿವಾರ್ಯ. ಗುಳಿಗೆಯಲ್ಲಿರುವ ಬಿ12 ಪ್ರಾಣಿಗಳಿಂದ ಬಂದುದಲ್ಲ, ಕಾರ್ಖಾನೆಯ ತೊಟ್ಟಿಗಳಲ್ಲಿ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ಪಡೆದುದು. ಹಸುವಿನ ಮೊದಲ ಹೊಟ್ಟೆಯಲ್ಲಿ ನಡೆಯುವ ಕೆಲಸವೇ ಅಲ್ಲಿ ಉಕ್ಕಿನ ಪಾತ್ರೆಯಲ್ಲಿ ನಡೆಯುತ್ತದೆ. ಪರಿಶೀಲಿಸಬೇಕಾದುದು ಹೊರಗಿನ ಕವಚವನ್ನು. ಅನೇಕ ಕ್ಯಾಪ್ಸೂಲುಗಳ ಕವಚ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಾಟಿನ್. ಸಸ್ಯಮೂಲದ ಕವಚವಿರುವವೂ, ಕವಚವೇ ಇಲ್ಲದ ಗುಳಿಗೆಗಳೂ ಅಂಗಡಿಯಲ್ಲಿ ಕೇಳಿದರೆ ದೊರೆಯುತ್ತವೆ.